ನಾರ್ವೆಗೆ ಕಟ್ಟಿದ ಬುತ್ತಿ

ನನ್ನ ಕೋಣೆಯ ಬಾಗಿಲ ಹಿಂದೆ ಒಂದು ಕರಿಯ ಕಂಬಳಿ ಕೋಟು ತೂಗುತ್ತದೆ. ಗಂಗಾವತಿಯ ಬೇಸಗೆಯಲ್ಲಿ ಉಣ್ಣೆಯ ಕೋಟು ಯಾತಕ್ಕೆ ಎಂದು ನೀವು ಕೇಳಬಹುದು. ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಮ್ಮ ಶಾಲೆಯ ಮಾಸ್ತರರೊಬ್ಬರು ಮೊನ್ನೆ ಬಂದವರು ಅದನ್ನು ಮುಟ್ಟಿ ನೋಡಿ, “ಏನ್ರಿ ಇದು, ಕರಡಿ ತೊಗಲ ಇದ್ದಂಗ ಐತಿ” ಎಂದರು. ಆಮೇಲೆ ಕುಳಿತು, ನೀರು ಕುಡಿದು, “ಈ ತಾತೀಲಿನ್ಯಾಗ ಎಲ್ಲಿಗೆ ಹೊಂಟೀರಿ?” ಎಂದು ಕೇಳಿದರು. ತಾತೀಲೆಂದರೆ ರಜೆ. ಎಲ್ಲಿಗೂ ಇಲ್ಲ ಎಂದೆ. ಅವರು ಮತ್ತೊಮ್ಮೆ ಕೋಟಿನ ಕಡೆ ನೋಡಿದರು. ಇದನ್ನು ಇಟ್ಟುಕೊಂಡವನು ಎಲ್ಲಿಗಾದರೂ ಹೊರಟಿರಲೇಬೇಕು ಎಂಬಂತಿತ್ತು ಆ ನೋಟ.

ನಿಜ ಹೇಳಬೇಕೆಂದರೆ ಈಗ ನನಗೆ ಪ್ರಯಾಣವೆಂದರೆ ಹೊರಡುವ ಮೊದಲೇ ದಣಿವಾಗುತ್ತದೆ. ಹಾಸಿಗೆ ಸುತ್ತಬೇಕು, ಬುತ್ತಿ ಕಟ್ಟಿಸಬೇಕು, ಸ್ಟೇಷನ್ನಿನಲ್ಲಿ ಕಾಯಬೇಕು. ಹೋದಲ್ಲಿ ಯಾರೋ ಒಬ್ಬರು “ಯಾಕ ಸೊರಗೀಯಲ್ಲೊ” ಎನ್ನುತ್ತಾರೆ, ಅದಕ್ಕೊಂದು ಉತ್ತರ ಹೊಂದಿಸಬೇಕು. ಯುದ್ಧವೇನೋ ಮುಗಿದಿದೆ. ಆದರೆ ಜೋಳ ಇನ್ನೂ ಸರಕಾರದ ಲೇವಿಯಲ್ಲಿದೆ, ಚಿಮಣಿ ಎಣ್ಣೆಗೆ ಇನ್ನೂ ಪಾಳಿ ಹಚ್ಚಬೇಕು. ಇಷ್ಟು ವರ್ಷ ಪಾಳಿಯಲ್ಲಿ ನಿಂತ ಕಾಲುಗಳಿಗೆ ರಜೆ ಎಂದರೆ ನಿಲ್ಲದೆ ಇರುವುದು, ಅಷ್ಟೇ.

ಆದರೂ ಮಾಸ್ತರರ ನೋಟ ಸುಳ್ಳಲ್ಲ. ಆ ಕೋಟನ್ನು ಹೊಲಿಸಿದ್ದು ರಜೆಗಾಗಿಯೇ. ಅದೂ ನಾರ್ವೆ ದೇಶದಲ್ಲಿ ಕಳೆಯಬೇಕಾಗಿದ್ದ ರಜೆಗಾಗಿ. ರಜೆ ನನ್ನದಲ್ಲ, ನಮ್ಮ ದೊಡ್ಡವ್ವನದು.

ಮುಂದೆ ಹೋಗುವ ಮೊದಲು ಒಂದು ಮಾತು. ನಾನು ದಿನಚರಿ ಬರೆಯುವ ಮನುಷ್ಯ, ಮತ್ತು ಅದಕ್ಕಾಗಿಯೇ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಎರಡು ವರ್ಷಗಳ ಪುಟಗಳನ್ನು ನಿನ್ನೆ ತೆಗೆದು ನೋಡಿದೆ. ದೇಶದ ಸ್ಥಿತಿಗತಿ ಇದೆ, ನನ್ನ ಆತ್ಮದ ಸ್ಥಿತಿಗತಿ ಅದಕ್ಕಿಂತ ಹೆಚ್ಚು ಇದೆ, “ಇಂದು ಬಿಸಿಲು ವಿಪರೀತ” ಎಂದು ಮೇಲಿಂದ ಮೇಲೆ ಇದೆ. ದೊಡ್ಡವ್ವ ಒಂದು ಪುಟದಲ್ಲೂ ಇಲ್ಲ. ಆಗ ನನಗೆ ಇಪ್ಪತ್ತರ ಆಸುಪಾಸು. ರೊಟ್ಟಿ ಬಡಿಯುವವರ ಮಾತು ಬರೆಯಬೇಕಾದದ್ದು ಅನ್ನಿಸಿರಲಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ತಲೆಯಲ್ಲಿ ಉಳಿದದ್ದು. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ನನ್ನ ಅಪ್ಪ ಅವ್ವ ಯಲಬುರ್ಗಾದಲ್ಲಿದ್ದರು. ನಾನು ಶಾಲೆಗೆಂದು ಕೊಪ್ಪಳದಲ್ಲಿ ದೊಡ್ಡಪ್ಪನ ಮನೆಯಲ್ಲಿ ಬೆಳೆದೆ. ದೊಡ್ಡಪ್ಪನದು ಶೇಂಗಾ ಮತ್ತು ಅರಳೆಯ ಅಡತಿ ಅಂಗಡಿ. ಮನೆಯಲ್ಲಿ ಊಟಕ್ಕೆ ಕೂಡುವವರು ಯಾವಾಗಲೂ ಒಂದು ಪಂಕ್ತಿ: ಮನೆಯವರು, ಅಂಗಡಿಯವರು, ಹಳ್ಳಿಯಿಂದ ಮಾಲು ತಂದವರು, ಮಾಲು ತಾರದೆ ಸುಮ್ಮನೆ ಬಂದವರು. ಇವರೆಲ್ಲರಿಗೂ ರೊಟ್ಟಿ ಬಡಿಯುವವಳು ದೊಡ್ಡವ್ವ. ಸೊಸೆ ಇನ್ನೂ ಬಂದಿರಲಿಲ್ಲ, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಬೆಳಿಗ್ಗೆ ಒಲೆಯ ಮುಂದೆ ಕುಳಿತರೆ ಅವಳು ಏಳುವುದು ಮಧ್ಯಾಹ್ನಕ್ಕೆ.

ಆ ವರ್ಷಗಳಲ್ಲಿ ಅವಳಿಗೆ ಮೈಯಲ್ಲಿ ಒಂದು ಉರಿ ಶುರುವಾಗಿತ್ತು. ಕುಳಿತಲ್ಲೇ ಮುಖ ಕೆಂಪಾಗುವುದು, ಬೆವರಿಳಿಯುವುದು, ಎದ್ದು ಹೋಗಿ ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಂಡು ಹಾಗೇ ಒದ್ದೆ ಸೆರಗಿನಲ್ಲಿ ಬಂದು ಮತ್ತೆ ಹಂಚಿನ ಮುಂದೆ ಕೂರುವುದು. ಹಕೀಮರು ಗುಲ್ಕಂದ ಕೊಟ್ಟರು. ವೈದ್ಯರು ಲಾವಂಚದ ನೀರು ಕುಡಿಯಿರಿ ಎಂದರು. ಯಾರೋ ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟರು. ಒಲೆಯ ಮುಂದೆ ಕೂರಬೇಡಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಆ ವಯಸ್ಸಿನ ಹೆಂಗಸರಿಗೆ ಹಾಗಾಗುತ್ತದೆ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ; ಕೊಪ್ಪಳದಲ್ಲಿ ಎಲ್ಲರಿಗೂ ಸೆಕೆಯೇ, ಇವಳದೇನು ಹೆಚ್ಚಿನದು ಅಂದುಕೊಂಡಿದ್ದೆ.

ಯುದ್ಧ ಶುರುವಾಗುವ ಹಿಂದಿನ ವರ್ಷದ ಬೇಸಗೆಯಲ್ಲಿ ನಾನು ಹೈದರಾಬಾದಿನ ಕಾಲೇಜಿನಿಂದ ತಾತೀಲಿಗೆ ಬಂದಿದ್ದೆ. ಜೊತೆಗೆ ಒಂದು ದೊಡ್ಡ ನಕಾಶೆಯ ಪುಸ್ತಕ. ಅದನ್ನು ನಾನು ಅಡುಗೆಮನೆಯ ಹೊಸ್ತಿಲಲ್ಲಿ ಬಿಚ್ಚಿಕೊಂಡು ಕೂರುತ್ತಿದ್ದೆ. ಓದುವವನೆಂದು ಎಲ್ಲರಿಗೂ ಕಾಣಬೇಕಲ್ಲ. ಒಂದು ದಿನ ದೊಡ್ಡವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಅದರಾಗ ಥಂಡಿ ಊರು ಯಾವುದರ ಐತೇನೊ?”

“ಊಟಿ ಐತಿ ದೊಡ್ಡವ್ವ.”

“ಅಲ್ಲಿಗೆ ನಮ್ಮವರು ಹೋಗ್ತಾರೇನು?”

“ರೊಕ್ಕ ಇದ್ದವರು ಹೋಗ್ತಾರ.”

“ಹಂಗಾರ ಬ್ಯಾಡ. ನಮ್ಮವರು ಹೋದಲ್ಲೆಲ್ಲ ರೊಟ್ಟಿ ಬೇಕು. ಬ್ಯಾರೆ ನೋಡು.”

ನಾನು ಹಾಳೆ ತಿರುವಿದೆ. ಇಂಗ್ಲೆಂಡ್ ಎಂದೆ.

“ಅಲ್ಲಿ ನಮ್ಮವರು?”

“ಬ್ಯಾರಿಸ್ಟರಿಕಿ ಓದಾಕ ಹೋದವರು ಅದಾರ.”

“ಅವರಿಗೂ ಹಸಿವು ಆಗತೈತಿ. ಇನ್ನೂ ಮ್ಯಾಲ ಹೋಗು.”

ಬೆರಳು ಇನ್ನೂ ಮೇಲೆ ಹೋಯಿತು. ಸಮುದ್ರ ದಾಟಿ, ಅಂಚೆಲ್ಲ ಹರಿದ ಧೋತರದಂತೆ ಕಾಣುವ ಒಂದು ದೇಶದ ಮೇಲೆ ನಿಂತಿತು. ಇದು ನಾರ್ವೆ ಎಂದೆ. ಇಲ್ಲಿ ನಮ್ಮವರು ಯಾರೂ ಇಲ್ಲ, ಬಹುಶಃ ಇದುವರೆಗೆ ಹೋಗಿಯೂ ಇಲ್ಲ.

“ಅದ ಛಲೋ” ಎಂದಳು ದೊಡ್ಡವ್ವ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಕಲಿತವನಿಗೆ ಕಲಿತದ್ದನ್ನೆಲ್ಲ ಹೇಳುವ ಚಟ. ಅಲ್ಲಿ ಬೇಸಗೆಯಲ್ಲಿ ಹೊತ್ತು ಮುಳುಗುವುದಿಲ್ಲ ಎಂದೆ.

“ಹೊತ್ತ ಮುಳುಗದಿದ್ರ ಆ ಬಿಸಲ ಹ್ಯಾಂಗ ತಡಕೊಂತಾರೊ?”

“ಬಿಸಲು ಇರತೈತಿ ದೊಡ್ಡವ್ವ, ಕಾವು ಇರಂಗಿಲ್ಲ. ಕೋಟ ಹಾಕ್ಕೊಂಡು ಬಿಸಲಾಗ ಅಡ್ಡಾಡ್ತಾರ.”

ರೊಟ್ಟಿಯ ಮೇಲಿನ ಕೈ ನಿಂತಿತು. ಹಂಚಿನ ಮೇಲಿದ್ದದ್ದು ಸೀದ ವಾಸನೆ ಬಂತು. “ಬಿಸಲೈತಿ, ಕಾವಿಲ್ಲ” ಎಂದು ತನಗೆ ತಾನೇ ಒಮ್ಮೆ ಹೇಳಿಕೊಂಡಳು. ಆಮೇಲೆ, “ಜನ್ಮದಾಗ ಒಮ್ಮೆರ ನನಗ ಛಲೋತ್ನ್ಯಾಗ ಥಂಡಿ ಹತ್ತಬೇಕು ನೋಡು. ಹಲ್ಲು ಕಟಕಟ ಅನ್ನಬೇಕು” ಎಂದಳು.

ಅಂದು ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಕುಳಿತಾಗ ಅವಳು ವಿಷಯ ಎತ್ತಿಯೇಬಿಟ್ಟಳು. “ಏನ್ರಿ, ನಾ ನಾರ್ವಿಗೆ ಹೋಗಬೇಕಂತ ಮಾಡೀನಿ.”

ದೊಡ್ಡಪ್ಪ ಅದು ಕುಷ್ಟಗಿಯ ಆಚೆಯ ಯಾವುದೋ ಹಳ್ಳಿ ಎಂದುಕೊಂಡಿರಬೇಕು. “ಯಾರದರ ಮದವಿ ಐತೇನು?” ಎಂದರು. ನಾನು ಪುಸ್ತಕ ತಂದು ತೋರಿಸಿದೆ. ಅವರು ನಕಾಶೆಯನ್ನು, ಹೆಂಡತಿಯನ್ನು, ನನ್ನನ್ನು ಸರದಿಯಂತೆ ನೋಡಿದರು.

“ಅಲ್ಲಿ ನಿನಗೇನು ಕೆಲಸ?”

“ಕೆಲಸ ಇಲ್ಲಂತನ ಹೊಂಟೀನ್ರಿ.”

“ಶ್ರೀಶೈಲಕ್ಕ ಕರಕೊಂಡು ಹೋಗಿದ್ನೆಲ್ಲ.”

“ಹೋಗಿದ್ರಿ. ಹೋಗಾಕೂ ಒಲಿ ನಾನ ಹಚ್ಚೀನಿ, ಬರಾಕೂ ನಾನ ಹಚ್ಚೀನಿ. ಮಲ್ಲಯ್ಯನ ಮಾರಿಗಿಂತ ಒಲಿಗಲ್ಲಿನ ಮಾರಿ ನೋಡಿದ್ದ ಹೆಚ್ಚು.” ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಮುಂದುವರಿಸಿದಳು. “ಎತ್ತಿಗೆ ಸೋಮಾರ ಐತಿ. ಕಚೇರಿಯವರಿಗೆ ಜುಮ್ಮಾ ಐತಿ. ಈ ಹುಡುಗಗ ತಾತೀಲ ಐತಿ. ನನಗ ಯಾವ ವಾರ ಐತಿ ಹೇಳ್ರಿ.”

ಆಗ ನಮ್ಮಲ್ಲಿ ಕಚೇರಿಗಳಿಗೆ ಜುಮ್ಮಾ, ಅಂದರೆ ಶುಕ್ರವಾರ, ರಜೆ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಬಿತ್ತುವ ಹೊತ್ತು ತಪ್ಪಿದರೂ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ದೊಡ್ಡಪ್ಪ ಅದನ್ನು ಕಟ್ಟುನಿಟ್ಟಾಗಿ ನಡೆಸುವವರು. ಅವರು ತಾಟಿನ ರೊಟ್ಟಿ ಮುರಿದರು. ಆಮೇಲೆ “ನೋಡೋಣು” ಎಂದರು. ನಮ್ಮ ಮನೆಯಲ್ಲಿ ‘ನೋಡೋಣು’ ಎಂದರೆ ಇಲ್ಲ ಎಂದು ಅರ್ಥ. ದೊಡ್ಡವ್ವ ಆ ಒಂದು ಸಲ ಅದನ್ನು ಹೂಂ ಎಂದು ತೆಗೆದುಕೊಂಡಳು.

ವ್ಯಾಪಾರಸ್ಥರಿಗೆ ಒಂದು ಗುಣವಿದೆ. ಮನಸ್ಸಿಲ್ಲದ ವಿಷಯವನ್ನೂ ವಿಚಾರಿಸದೆ ಬಿಡುವುದಿಲ್ಲ. ಎರಡು ದಿನ ಬಿಟ್ಟು ದೊಡ್ಡಪ್ಪ ನನ್ನನ್ನು ಅಂಗಡಿಗೆ ಕರೆದರು. ಅಲ್ಲಿ ಶೇಂಗಾ ಬೆಳೆಯುತ್ತಾರೇನು ಎಂದು ಕೇಳಿದರು. ಇಲ್ಲ ಎಂದೆ. ಅರಳೆ? ಇಲ್ಲ. ಜೋಳ? ಇಲ್ಲ. “ಮತ್ತ ಏನು ತಿಂತಾರ?” ಮೀನು ಎಂದೆ. ದೊಡ್ಡಪ್ಪ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

“ಮೂರು ಹೊತ್ತೂ?”

“ಹಂಗ ಓದೀನಿ.”

“ಹಡಗಿನ್ಯಾಗ?”

“ಅಲ್ಲೂ ನಮ್ಮ ಊಟ ಸಿಗಂಗಿಲ್ಲ.”

“ಹಂಗಾರ ಹೋಗಿ ಬರೂ ತನಕ ಬುತ್ತಿ ಮನೀದ ಒಯ್ಯಬೇಕು” ಎಂದು ಅವರು ತೀರ್ಮಾನ ಹೇಳಿದರು. ಒಯ್ಯುವುದು ಅಸಾಧ್ಯ ಎಂಬ ಅರ್ಥದಲ್ಲಿ ಅವರು ಹೇಳಿದ್ದು ಎಂದು ಈಗಲೂ ನನ್ನ ಊಹೆ. ನಾನು ಮನೆಗೆ ಹೋಗಿ ಅದನ್ನು ಹಾಗೆಯೇ ದೊಡ್ಡವ್ವನಿಗೆ ಹೇಳಿದೆ. ಅವಳಿಗೆ ಅದರಲ್ಲಿ ಅಸಾಧ್ಯವಾದದ್ದೇನೂ ಕಾಣಲಿಲ್ಲ. ಖಡಕ್ ರೊಟ್ಟಿ ಕೆಡುವ ಪದಾರ್ಥವಲ್ಲ. ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವಕ್ಕಂತೂ ಚಿಂತೆಯೇ ಇಲ್ಲ. ನಾರ್ವೆಯಲ್ಲಿ ಮೊಸರು ಸಿಗುತ್ತದೆಯೇ ಎಂದು ಮಾತ್ರ ಕೇಳಿದಳು. ಆಕಳು ಇವೆ ಎಂದು ಓದಿದ್ದೆ, ಹೇಳಿದೆ. ಆಕಳು ಇದ್ದ ಮೇಲೆ ಆಯಿತಲ್ಲ ಎಂದಳು.

ಈ ಹಂಚಿಕೆ ಒಂದು ಬೇಸಗೆಯಲ್ಲಿ ಮುಗಿಯಲಿಲ್ಲ. ಮುಂದಿನ ಯುಗಾದಿ ದಾಟಿ, ಅದರ ಮುಂದಿನ ಯುಗಾದಿಯವರೆಗೂ ನಡೆಯಿತು. ನಾನು ತಾತೀಲಿಗೆ ಬಂದಾಗಲೆಲ್ಲ ಏನಾದರೊಂದು ಹೊಸ ತೊಡಕು ನನಗಾಗಿ ಕಾದಿರುತ್ತಿತ್ತು. ಒಮ್ಮೆ ಅದು ಸೋಮವಾರದ್ದು. ದೊಡ್ಡವ್ವ ಸೋಮವಾರ ಒಪ್ಪತ್ತು ಇರುತ್ತಿದ್ದಳು; ಹೊತ್ತು ಮುಳುಗಿದ ಮೇಲೆಯೇ ಊಟ. ಹೊತ್ತೇ ಮುಳುಗದ ಊರಿನಲ್ಲಿ ಊಟ ಯಾವಾಗ? ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪೂಜೆಗೆಂದು ಮನೆಗೆ ಬರುತ್ತಿದ್ದ ಅಯ್ಯನವರನ್ನು ಕೇಳಿದೆವು. ಅವರು ಗಡ್ಡ ಸವರಿಕೊಂಡರು.

“ಯವ್ವಾ, ನಿನ್ನ ಒಲಿ ಎಲ್ಲಿ ಐತಿ?”

“ಇಲ್ಲೇ ಕೊಪ್ಪಳದಾಗರಿ.”

“ಹಂಗಾರ ನಿನ್ನ ಹೊತ್ತೂ ಇಲ್ಲೇ ಮುಳುಗತೈತಿ. ಕೊಪ್ಪಳದಾಗ ದೀಪ ಹಚ್ಚೂ ವ್ಯಾಳ್ಯಾಕ್ಕ ನೀ ಅಲ್ಲಿ ಉಣ್ಣು.”

ಇಷ್ಟು ಚೊಕ್ಕಟವಾದ ತೀರ್ಪನ್ನು ನಾನು ಮುಂದೆ ಯಾವ ವಿದ್ವಾಂಸರಿಂದಲೂ ಕೇಳಲಿಲ್ಲ. ದೊಡ್ಡವ್ವ ಮಾತ್ರ ಅಯ್ಯನವರು ಹೋದ ಮೇಲೆ, “ನಾ ಅಷ್ಟು ದೂರ ಹೋದ್ರೂ ನನ್ನ ಹೊತ್ತು ಇಲ್ಲೇ ಇರತೈತಂತ” ಎಂದಳು. ನಗುತ್ತಲೇ ಅಂದದ್ದು, ಅಷ್ಟೇನೂ ಖುಷಿಯ ನಗೆಯಲ್ಲ.

ಕೋಟಿನ ವಿಷಯ ಬಂದದ್ದು ಆಮೇಲೆ. ಉಣ್ಣೆಯ ಅರಿವೆ ಎಂದರೆ ನಮಗೆ ಗೊತ್ತಿದ್ದದ್ದು ಕುರುಬರ ಕಂಬಳಿ. ನೇಯುವಾಗ ಅದರ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸುತ್ತಾರೆ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ. ದೊಡ್ಡಪ್ಪ ಒಂದು ಒಳ್ಳೆಯ ಕರಿ ಕಂಬಳಿ ತಂದು ಇಮಾಮಸಾಬ ದರ್ಜಿಯ ಮುಂದಿಟ್ಟರು. ಇಮಾಮಸಾಬರು ಅದನ್ನು ಬೆರಳಿನಿಂದ ಬಡಿದು ನೋಡಿದರು, ಸದ್ದು ಬಂತು.

“ಸಾವಕಾರ್ರ, ಇದಕ್ಕ ಕತ್ರಿ ಬ್ಯಾಡ, ಗರಗಸ ಬೇಕು” ಎಂದರು. “ಯಾರ ಅಳತಿ?”

ಹೆಂಗಸರ ಮೈಯ ಅಳತೆಯನ್ನು ದರ್ಜಿ ತೆಗೆಯುವಂತಿರಲಿಲ್ಲ; ಕುಪ್ಪಸಕ್ಕಾದರೆ ಹಳೆಯದೊಂದನ್ನು ಕಳಿಸಿದರೆ ಸಾಕು, ಕೋಟಿಗೆ ಹಳೆಯದು ಎಲ್ಲಿಂದ ಬರಬೇಕು? ದೊಡ್ಡಪ್ಪ ನನ್ನನ್ನು ಮುಂದಕ್ಕೆ ನೂಕಿದರು. “ಇವ ಅವರ ದೊಡ್ಡವ್ವನಷ್ಟ ಎತ್ತರ ಅದಾನ. ಇವನ್ನ ಅಳಿ.” ಹೀಗೆ ನಾನು ಬಿ.ಎ. ಓದುವ ಹುಡುಗ, ಬಜಾರಿನ ನಡುವೆ ದೊಡ್ಡವ್ವನಾಗಿ ಕೈ ಚಾಚಿ ನಿಂತೆ. “ಯವ್ವಾರ, ಸ್ವಲ್ಪ ಉಸುರು ಬಿಡ್ರಿ” ಎಂದು ಇಮಾಮಸಾಬರು ನನಗೆ ಹೇಳಿದ್ದನ್ನು ಕೇಳಿ ಎದುರಿನ ಅಂಗಡಿಯವರೆಲ್ಲ ಎದ್ದು ಬಂದರು.

ಕೋಟು ಹೊಲಿದು ಬಂದ ದಿನ ಅದನ್ನು ಪಡಸಾಲೆಯಲ್ಲಿ ನೆಲದ ಮೇಲೆ ಇಟ್ಟೆವು. ಅದು ಬೀಳಲಿಲ್ಲ. ತಲೆಯಿಲ್ಲದ ಮನುಷ್ಯನ ಹಾಗೆ ತನ್ನಷ್ಟಕ್ಕೆ ತಾನು ನಿಂತುಕೊಂಡಿತು. ಮುಂದೆ ಎಷ್ಟೋ ದಿನ ಅದು ಅಲ್ಲೇ ನಿಂತಿತ್ತು. ಹಳ್ಳಿಯಿಂದ ಬಂದವರೊಬ್ಬರು ಒಳಗೆ ಕಾಲಿಡುತ್ತಲೇ ಅದಕ್ಕೆ “ಶರಣ್ರೀ” ಎಂದದ್ದು ನಮ್ಮ ಮನೆಯಲ್ಲಿ ಈಗಲೂ ಹೇಳಿಕೊಳ್ಳುವ ಕಥೆ.

ಅಷ್ಟರಲ್ಲಿ ಯುದ್ಧ ಶುರುವಾಯಿತು. ನಾನು ಪತ್ರಿಕೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಇನ್ನು ಆಗುವುದಿಲ್ಲ ಎಂದೆ. “ನಾರ್ವಿಯವರು ಹೊಡದಾಡಾಕ ಹತ್ಯಾರೇನು?” ಎಂದು ದೊಡ್ಡವ್ವ ಕೇಳಿದಳು. ಇಲ್ಲ, ಅವರು ಯಾರ ಕಡೆಗೂ ಸೇರಿಲ್ಲ ಎಂದೆ. “ಮತ್ತ? ಜಗಳ ಮಗ್ಗಲ ಮನ್ಯಾಗ ನಡದ್ರ ನಾವು ಹೋಗೂ ಮನಿಗೇನಾಗಬೇಕು” ಎಂದಳು. ಅರ್ಥಶಾಸ್ತ್ರ, ಇತಿಹಾಸ ಎರಡನ್ನೂ ಓದುತ್ತಿದ್ದ ನಾನು ಪತ್ರಿಕೆ ಮಡಿಚಿಟ್ಟೆ. ಮುಂಬಯಿಯ ಒಂದು ಹಡಗಿನ ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದೆ. ಉತ್ತರ ಬಂದಿರಲಿಲ್ಲ. ಬಂದಿತೇ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ ಕೂಡ. ಏಕೆಂದರೆ ನಮ್ಮಲ್ಲಿ ಪ್ರಯಾಣ ಟಿಕೀಟಿನಿಂದ ಶುರುವಾಗುವುದಿಲ್ಲ, ಬುತ್ತಿಯಿಂದ ಶುರುವಾಗುತ್ತದೆ. ಬುತ್ತಿ ಆಯಿತೆಂದರೆ ಹೊರಟಂತೆಯೇ. ಯುಗಾದಿ ಮಾಡಿಕೊಂಡು ಹೊರಡುವುದು ಎಂದು ದೊಡ್ಡವ್ವ ಹೇಳಿಯಾಗಿತ್ತು.

ಶಿವರಾತ್ರಿ ಕಳೆದ ಮೇಲೆ ಅವಳು ರೊಟ್ಟಿಗೆ ಕುಳಿತಳು. ದಿನದ ಪಂಕ್ತಿಯ ರೊಟ್ಟಿ ಮುಗಿಸಿ, ಒಲೆ ಆರಿಸದೆ, ಹಾಗೆಯೇ ನಾರ್ವೆಯ ರೊಟ್ಟಿ. ನಾನು ಪರೀಕ್ಷೆ ಮುಗಿಸಿ ಬಂದಾಗ ಓಣಿಯ ಹೆಂಗಸರೂ ಬಂದು ಕೂತಿದ್ದರು. ದೊಡ್ಡ ಪ್ರಯಾಣದ ಬುತ್ತಿಗೆ ನಾಲ್ಕು ಕೈ ಸೇರಿಸುವುದು ನಮ್ಮ ಕಡೆಯ ಪದ್ಧತಿ. ಹೊರಗೆ ಬಿಸಿಲು, ಒಳಗೆ ಒಲೆ. ದೊಡ್ಡವ್ವನ ಮುಖ ಕೆಂಡವಾಗುವುದು, ಎದ್ದು ಹೋಗಿ ನೀರು ಸುರಿದುಕೊಂಡು ಬರುವುದು, ಮತ್ತೆ ಕೂರುವುದು. “ಒಲಿ ಬಿಟ್ಟು ಹೋಗಾಕ ಇಷ್ಟು ಒಲಿ ಉರಸಬೇಕೇನವ್ವ” ಎಂದು ಒಬ್ಬಾಕೆ ಚುಚ್ಚಿದಳು. “ಒಮ್ಮೆ ಉರಸಿದ್ರ ಆತು, ಆಮ್ಯಾಲ ಇಲ್ಲಲ್ಲ” ಎಂದಳು ದೊಡ್ಡವ್ವ. ಚಿಮಣಿ ಎಣ್ಣೆಯ ದೊಡ್ಡ ಡಬ್ಬಿಗಳನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿಲಿಗೆ ಕಾಯಿಸಿ, ರೊಟ್ಟಿ ತುಂಬಿ, ಬಾಯಿಗೆ ಅರಿವೆ ಕಟ್ಟಿ, ಯುಗಾದಿಯ ದಿನ ಪೂಜೆ ಮಾಡಿ ಪಡಸಾಲೆಯಲ್ಲಿ ಕೋಟಿನ ಪಕ್ಕ ಸಾಲಾಗಿ ಇಟ್ಟರು.

ಯುಗಾದಿ ಮುಗಿದ ಮೂರೋ ನಾಲ್ಕೋ ದಿನಕ್ಕೆ ಪತ್ರಿಕೆ ಬಂತು. ನಾರ್ವೆಗೂ ಯುದ್ಧ ಹೊಕ್ಕಿತ್ತು.

ನಾನು ಓದಿ ಹೇಳಿದೆ. ದೊಡ್ಡವ್ವ, “ಅವರು ಯಾರ ತಂಟೆಗೂ ಹೋಗಿದ್ದಿಲ್ಲಲ್ಲೊ” ಎಂದಳು. ಅಳಲಿಲ್ಲ, ಬೈಯಲಿಲ್ಲ. ಎದ್ದು ಹೋಗಿ ಮಧ್ಯಾಹ್ನದ ಹಿಟ್ಟು ನಾದಲು ಕುಳಿತಳು.

ಈಗ ತೊಡಕು ಬೇರೆ ಬಂತು. ದಾರಿಗೆಂದು ಕಟ್ಟಿದ ಬುತ್ತಿಯನ್ನು ಹೊಸ್ತಿಲೊಳಗೆ ಬಿಚ್ಚುವುದು ನಮ್ಮಲ್ಲಿಲ್ಲ. ಊರು ದಾಟಿ, ನೀರು ಇದ್ದಲ್ಲಿ ಕುಳಿತು ಬಿಚ್ಚಬೇಕು. ಮನೆಯಲ್ಲೇ ಬಿಚ್ಚಿದರೆ ಆ ಮನೆಯವರಿಗೆ ಮತ್ತೆ ದಾರಿ ಕೂಡಿ ಬರುವುದಿಲ್ಲ ಎನ್ನುತ್ತಾರೆ. ಹೀಗಾಗಿ ಒಂದು ಕಡೆ ಮೇಲ್ತನಕ ರೊಟ್ಟಿ ತುಂಬಿದ ಡಬ್ಬಿಗಳು. ಇನ್ನೊಂದು ಕಡೆ, ಪಡಸಾಲೆಗೆ ಕಾಣುವ ಅಡುಗೆಮನೆಯ ಒಲೆಯ ಮುಂದೆ, ದೊಡ್ಡವ್ವ ದಿನವೂ ಹೊಸದಾಗಿ ರೊಟ್ಟಿ ಬಡಿಯುತ್ತಿದ್ದಳು. ಪಂಕ್ತಿಗೆ ಕೂತವರು ಡಬ್ಬಿಗಳನ್ನು ನೋಡುವುದು, ಅವಳನ್ನು ನೋಡುವುದು, ತಲೆ ತಗ್ಗಿಸಿ ಉಣ್ಣುವುದು. ಅವಳು ಮಾತು ಕಡಿಮೆ ಮಾಡಿದಳು. ಮೈ ಉರಿ ಎಂದು ಹೇಳುವುದನ್ನೂ ಬಿಟ್ಟಳು. ನಕಾಶೆಯ ಪುಸ್ತಕವನ್ನು ನಾನು ಹೊಸ್ತಿಲಿಗೆ ಒಯ್ಯಲಿಲ್ಲ.

ಒಂದು ಶನಿವಾರ ದೊಡ್ಡಪ್ಪ ಊಟದ ನಡುವೆ ಕೈ ನಿಲ್ಲಿಸಿದರು. ಡಬ್ಬಿಗಳ ಕಡೆ ನೋಡುತ್ತಲೇ ನನಗೆ, “ನಾಳೆ ನಸುಕಿನ್ಯಾಗ ಗಾಡಿ ಹೂಡಾಕ ಹನುಮಂತಗ ಹೇಳು” ಎಂದರು. ಹನುಮಂತ ನಮ್ಮ ಗಾಡಿ ಹೊಡೆಯುವವನು.

“ಎಲ್ಲಿಗ್ರಿ?” ಎಂದಳು ದೊಡ್ಡವ್ವ.

“ಬುತ್ತಿ ಕಟ್ಟಿದ ಮ್ಯಾಲ ಹೊರಡಬೇಕಲ್ಲ” ಎಂದರು.

“ಊಟಕ್ಕ ಬಂದವರಿಗೆ?”

“ಖಾನಾವಳಿ ಐತಿ.”

ಭಾನುವಾರ ನಸುಕಿನಲ್ಲಿ ನಾವು ಹೊರಟೆವು: ದೊಡ್ಡಪ್ಪ, ದೊಡ್ಡವ್ವ, ನಾನು, ಹನುಮಂತ. ಹಿಂದೆ ಡಬ್ಬಿಗಳು, ಅವುಗಳ ಮೇಲೆ ಕೂತವರಂತೆ ಕೋಟು. ಕೋಟನ್ನು ಹೇರಿದವರು ಯಾರೆಂದು ಗೊತ್ತಿಲ್ಲ. ನಾನಲ್ಲ, ದೊಡ್ಡವ್ವನೇ ಇರಬೇಕು. ಹುಲಿಗಿಯಿಂದ ಸ್ವಲ್ಪ ಮೇಲೆ, ಹೊಳೆ ಬಂಡೆಗಳ ನಡುವೆ ಹರಿದು ಮಡುವಾಗುವ ಒಂದು ಜಾಗವಿತ್ತು. ಅಲ್ಲಿ ಮುಟ್ಟಿದಾಗ ಸಂಜೆಯಾಗಿತ್ತು. ಗಾಡಿಯ ಕೆಳಗೇ ಮಲಗಿದೆವು.

ಮರುದಿನ ಸೋಮವಾರ. ಹನುಮಂತ ಎತ್ತುಗಳ ಕೊರಳು ಬಿಚ್ಚಿ ನೀರಿಗೆ ಇಳಿಸಿದ. ದೊಡ್ಡವ್ವ ಎದ್ದವಳು ಕಣ್ಣುಜ್ಜಿಕೊಂಡು, ಅಭ್ಯಾಸದಂತೆ ಮೂರು ಕಲ್ಲು ಹುಡುಕಿ ತಂದು ಹೊಂದಿಸತೊಡಗಿದಳು. ದೊಡ್ಡಪ್ಪ ಬಂದು ಆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹೊಳೆಗೆ ಹಾಕಿದರು. “ಇವತ್ತು ಸೋಮಾರ” ಎಂದರು, ಅಷ್ಟೇ. ಆಮೇಲೆ ತಾವೇ ಒಂದು ಡಬ್ಬಿಯ ಅರಿವೆ ಬಿಚ್ಚಿ, ನನಗೂ ಹನುಮಂತನಿಗೂ ರೊಟ್ಟಿ ಮುರಿದು, ಚಟ್ನಿಪುಡಿ ಹಾಕಿ ಕೊಟ್ಟರು. ದೊಡ್ಡಪ್ಪ ಯಾರಿಗಾದರೂ ಬಡಿಸಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಎಲ್ಲರ ಕೈಗೂ ಪುಡಿ ಹೆಚ್ಚು, ರೊಟ್ಟಿ ಕಡಿಮೆ.

ದೊಡ್ಡವ್ವನಿಗೆ ಒಪ್ಪತ್ತು, ಅವಳಿಗೆ ಊಟವಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಉಟ್ಟ ಸೀರೆಯಲ್ಲೇ ಮಡುವಿಗೆ ಇಳಿದು, ಬಂಡೆಯ ನೆರಳಿಗೆ ಸರಿದು, ಕುತ್ತಿಗೆಯವರೆಗೆ ನೀರಿನಲ್ಲಿ ಕೂತಳು. ಎರಡು ಮಾರು ಆಚೆ ಎತ್ತುಗಳು ಮೂಗು ಮೇಲೆ ಮಾಡಿ ಮಲಗಿದ್ದವು. ಹೊತ್ತು ಏರಿತು. ಬಂಡೆ ಕಾದವು. ದೊಡ್ಡಪ್ಪ ದಂಡೆಯಿಂದ ಕರೆದರು.

“ಸಾಕ ಬಾ, ನೀರಾಗ ಎಷ್ಟೊತ್ತು ಕೂಡ್ತಿ.”

“ಕರೀಬ್ಯಾಡ್ರಿ. ನಾ ಊರಾಗಿಲ್ಲ” ಎಂದಳು ದೊಡ್ಡವ್ವ, ಕಣ್ಣು ಮುಚ್ಚಿಕೊಂಡೇ.

ಮತ್ತೆ ಯಾರೂ ಕರೆಯಲಿಲ್ಲ. ಮಧ್ಯಾಹ್ನ ನೆರಳು ಸರಿದಂತೆ ಅವಳೂ ಬಂಡೆಯಿಂದ ಬಂಡೆಗೆ ಸರಿದಳು. ಅವಳು ದಿನವಿಡೀ ಏನೂ ಮಾಡದೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡುವುದಕ್ಕೇ ಸಂಕೋಚವೆನಿಸಿ ನಾನು ಬೇರೆ ಕಡೆ ತಿರುಗಿ ಕುಳಿತೆ.

ಹೊತ್ತು ಇಳಿಯುವಾಗ ಅವಳು ಮೇಲೆ ಬಂದಳು. ಕೈಬೆರಳು ನೆನೆದು ಸುಕ್ಕಾಗಿದ್ದವು, ತುಟಿ ನೀಲಿಯಾಗಿತ್ತು. ನಿಂತಲ್ಲೇ ಗಡಗಡ ನಡುಗುತ್ತಿದ್ದಳು. ನಗುತ್ತಿದ್ದಳು ಕೂಡ. ಹಲ್ಲಿಗೆ ಹಲ್ಲು ತಾಕಿ ಮಾತು ಮುರಿಯುತ್ತಿತ್ತು. “ಥಂಡಿ ಹತ್ತೇತಿ. ಕೋಟ ಕೊಡೊ.”

ನಾನು ಕೋಟು ಕೊಟ್ಟೆ. ಒದ್ದೆ ಸೀರೆಯ ಮೇಲೇ ಅದನ್ನು ತೊಟ್ಟು, ಪಡುವಣಕ್ಕೆ ಮುಖಮಾಡಿ ಬಂಡೆಯ ಮೇಲೆ ಕುಳಿತಳು. ದೊಡ್ಡಪ್ಪ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕಾದು ಕೂತರು. ಹೊತ್ತು ಮುಳುಗಿದ ಕೂಡಲೇ ಕೊಡಬೇಕಲ್ಲ. ಬೆಳಗಿನಿಂದ ಉಪವಾಸವಿದ್ದವಳು ಅವಳು. ಆದರೂ ಹೊತ್ತು ಹೊಳೆಯ ಆಚೆ ಗುಡ್ಡಕ್ಕೆ ತಾಕಿದಾಗ, “ಇವತ್ತೊಂದಿನ ಮುಳುಗದಿದ್ರ ಆಗ್ತಿತ್ತು” ಎಂದಳು.

ಹೀಗೆ ನನ್ನ ನೆನಪು. ದೊಡ್ಡಪ್ಪನನ್ನು ಕೇಳಿದರೆ, ಅವಳು ಹಾಗೇನೂ ಅನ್ನಲಿಲ್ಲ, ಎತ್ತಿಗೆ ಮೇವು ಹಾಕಿದಿರೇನು ಎಂದು ಕೇಳಿದಳು ಎನ್ನುತ್ತಾರೆ. ಇರಬಹುದು. ಓದಿದವರಿಗೆ ಇಂಥ ಮಾತುಗಳನ್ನು ಆಮೇಲೆ ಸೇರಿಸಿಕೊಳ್ಳುವ ರೂಢಿಯಿರುತ್ತದೆ, ನನಗೂ ಇದೆ. ಕೋಟಿನ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಜಾಗವಿಲ್ಲ. ಅಂದು ನೀರು ಕುಡಿದು ಅದರೊಳಗಿನ ಹುಣಸೆ ಬೀಜದ ಗಂಜಿಯೆಲ್ಲ ಕರಗಿ ಹೋಯಿತು. ಮನೆಗೆ ಬಂದು ಪಡಸಾಲೆಯಲ್ಲಿ ನಿಲ್ಲಿಸಿದರೆ ನಿಲ್ಲಲಿಲ್ಲ. ಮೊಣಕಾಲೂರಿದವರಂತೆ ಕುಸಿದು ಕೂತಿತು. ಅಂದಿನಿಂದ ಅದು ಮೊಳೆಯ ಮೇಲಿದೆ; ನಾನು ಗಂಗಾವತಿಯ ಶಾಲೆಗೆ ಬಂದಾಗ ನನ್ನೊಡನೆ ಬಂತು.

ನಾರ್ವೆಯ ರೊಟ್ಟಿಯನ್ನು ಕೊಪ್ಪಳದಲ್ಲಿ ನಾವು ಮಳೆಗಾಲ ಹಿಡಿಯುವವರೆಗೆ ತಿಂದೆವು. ಊರಾಚೆ ಬಿಚ್ಚಿಯಾಗಿದ್ದರಿಂದ ಅಡ್ಡಿಯಿರಲಿಲ್ಲ. ಆ ದಿನಗಳಲ್ಲಿ ಒಲೆ ಬೇಗ ಆರುತ್ತಿತ್ತು.

ಈಗ ಆ ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದಾರೆ. ಕಾಲುವೆ ಬರುತ್ತದೆ, ಗಂಗಾವತಿಯ ಕಡೆಯೆಲ್ಲ ಭತ್ತ ಬೆಳೆಯುತ್ತದೆ ಎನ್ನುತ್ತಾರೆ. ಆ ಮಡು, ಆ ಬಂಡೆಗಳು ನೀರೊಳಗೆ ಹೋಗುತ್ತವಂತೆ. ಹೋದ ತಿಂಗಳು ಕೊಪ್ಪಳಕ್ಕೆ ಹೋದಾಗ ಇದನ್ನು ದೊಡ್ಡವ್ವನಿಗೆ ಹೇಳಿದೆ. ಮೈಯ ಉರಿ ತಾನಾಗಿಯೇ ಹೋಗಿ ವರ್ಷಗಳಾಗಿವೆ. ಸೊಸೆ ಬಂದಿದ್ದಾಳೆ, ಪಂಕ್ತಿ ಮಾತ್ರ ಚಿಕ್ಕದಾಗಿಲ್ಲ. ಇಬ್ಬರೂ ಒಲೆಯ ಮುಂದೆಯೇ ಇದ್ದರು. ನಾನು ಹಳೆಯ ಸಲಿಗೆಯಿಂದ ಹೊಸ್ತಿಲ ಮೇಲೆ ಕುಳಿತು, “ದೊಡ್ಡವ್ವ, ಯುದ್ಧ ಮುಗದೈತಿ. ಹಡಗ ಬಿಟ್ಟಾರಂತ. ಈಗ ಖರೇನ ನಾರ್ವಿಗೆ ಹೋಗಬಹುದು” ಎಂದೆ.

ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಲೆಕ್ಕ ಹಾಕುವವಳಂತೆ ನನ್ನನ್ನು ನೋಡಿದಳು.

“ಬರತೀನಿ ತಗೊ. ಕೋಟ ನಿನ್ನ ಕಡೆ ಐತಲ್ಲ, ತಗದಿಡು” ಎಂದಳು. “ಈ ಸಲ ಬುತ್ತಿ ರೊಟ್ಟಿ ಮಾತ್ರ ನೀವ ಗಂಡಸರು ಬಡೀರಿ.”

ಗಂಗಾವತಿಗೆ ಮರಳಿದ ಮೇಲೆ ನಾನು ಒಂದಿಷ್ಟು ಹಿಟ್ಟು ತಂದು ಬಿಸಿನೀರಿನಲ್ಲಿ ನಾದಿ ನೋಡಿದೆ. ಬಡಿಯತೊಡಗಿದರೆ ಅಂಚೆಲ್ಲ ಹರಿದು ನಕಾಶೆಯಲ್ಲಿನ ನಾರ್ವೆಯಂತೆಯೇ ಆಯಿತು. ಎತ್ತಿದರೆ ಕೈಗೆ ಬರಲಿಲ್ಲ. ತಾತೀಲು ಮುಗಿಯಲು ಇನ್ನೂ ಹತ್ತು ದಿನವಿದೆ, ಮಧ್ಯಾಹ್ನ ಬಿಸಿಲು ವಿಪರೀತ, ಎಲ್ಲಿಗೂ ಹೋಗುವುದಿಲ್ಲ. ನಾಳೆ ಮತ್ತೊಮ್ಮೆ ಹಿಟ್ಟು ತರಬೇಕು.